ಎಂಟು ಗಂಟೆಯ ಬಿಸಿಲು

ಹಾಲಿನ ಪಾತ್ರೆಗೆ ಹಚ್ಚಿದ ಅರಿಶಿನ ಆಗಲೇ ಒಣಗಿ ಬಿರುಕು ಬಿಡುತ್ತಿದೆ, ಹಚ್ಚಿ ಎಷ್ಟು ಹೊತ್ತಾಯಿತು, ಹತ್ತು ನಿಮಿಷ, ಹದಿನೈದು — ವಾಚು ನೋಡಬಾರದು ಅಂದುಕೊಂಡೇ ಚೇತನಾ ನೋಡಿದಳು, ಎಂಟೂ ಹನ್ನೊಂದು, ಅಯ್ಯೋ ಶಿವನೇ, ಎಂಟಕ್ಕೆ ಬರಬೇಕಾದ ಬಿಸಿಲಿನ ಸುಳಿವೇ ಇಲ್ಲ, ಆರ್‌ಪಿಸಿ ಲೇಔಟಿನ ಈ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಅಡುಗೆಮನೆಯ ಬಾಗಿಲಲ್ಲೇ ಗುಂಪುಗಟ್ಟಿದ್ದಾರೆ, ರೇಷ್ಮೆ ಸೀರೆ, ಮಲ್ಲಿಗೆ, ಹೊಸ ಪೇಂಟಿನ ಘಾಟು, ಎಲ್ಲರಿಗೂ ವಿಷಯ ಗೊತ್ತು, ಮನೆಯ ಯಜಮಾನಿ ಅನಂತಲಕ್ಷ್ಮಿ ಆಂಟಿಯೇ ಊರಿಗೆಲ್ಲ ಸಾರಿಬಿಟ್ಟಿದ್ದಾರಲ್ಲ, ನಮ್ಮ ಆರ್ಕಿಟೆಕ್ಟ್ ಹುಡುಗಿ ಚೇತನಾ ಕಂಪ್ಯೂಟರಲ್ಲಿ ಸೂರ್ಯನ್ನ ಓಡಿಸಿ ನೋಡಿದಾಳೆ ಕಣ್ರೀ, ಶುಕ್ರವಾರ ಸರಿಯಾಗಿ ಎಂಟಕ್ಕೆ ಒಲೆ ಮೇಲೆ ಬಿಸಿಲು ಬೀಳುತ್ತಂತೆ, ಆ ಬಿಸಿಲಲ್ಲೇ ನಾನು ಹಾಲು ಉಕ್ಕಿಸೋದು. ಒಲೆಯೇನೋ ಇದೆ, ಹಾಲೂ ಇದೆ, ಕಪ್ಪು ಗ್ರಾನೈಟ್ ಕಟ್ಟೆ ಕಪ್ಪಗೇ ಇದೆ.

ಬರುತ್ತೆ, ಬರದೆ ಎಲ್ಲಿ ಹೋಗುತ್ತೆ, ಎಂಥೆಂಥ ಲೆಕ್ಕ ಹಾಕಿದ್ದಾಳೆ ಅವಳು, ಅಕ್ಕಪಕ್ಕದ ಮೂರು ಮನೆಗಳ ಟೆರೇಸು ಹತ್ತಿ ಟೇಪು ಹಿಡಿದು ಪ್ಯಾರಪೆಟ್ ಗೋಡೆಯ ಎತ್ತರ ಅಳೆದದ್ದು, ಒಂದು ಮನೆಯ ನಾಯಿ ಅಟ್ಟಿಸಿಕೊಂಡು ಬಂದದ್ದು, ಅಳತೆಗಳನ್ನೆಲ್ಲ ಸಾಫ್ಟ್‌ವೇರಿಗೆ ಉಣಿಸಿ ಊಟ ಬಿಟ್ಟು ಕಾದದ್ದು, ಆಫೀಸಿನ ಆ ಮುದಿ ಕಂಪ್ಯೂಟರು ಏದುಸಿರು ಬಿಡುತ್ತ ಬಿಡುತ್ತ ಕೊನೆಗೆ ಒಲೆಕಟ್ಟೆಯ ಮೇಲೆ ಹಳದಿ ಪಟ್ಟಿಯೊಂದನ್ನು ಎಳೆದಾಗ ಅವಳು ಒಬ್ಬಳೇ ಚಪ್ಪಾಳೆ ತಟ್ಟಿದ್ದು — ಒಲೆಕಟ್ಟೆಯ ಮಟ್ಟಕ್ಕೇ ಉದ್ದಕ್ಕೆ ಒಂದು ಕಿಂಡಿ, ಎತ್ತರ ಒಂದೇ ಗೇಣು, ಅಷ್ಟು ಕೊಟ್ಟರೆ ಸಾಕು, ಪಕ್ಕದ ಮನೆ ದಾಟಿ ಸೂರ್ಯ ಒಳಗೆ ಬರುತ್ತಾನೆ. ಗೋಡೆ ಕೊರೆದು ಕಿಂಡೀನಾ, ಅಲ್ಲಿ ಚೊಕ್ಕವಾಗಿ ಒಂದು ಕಪಾಟು ಬರುತ್ತಲ್ಲಮ್ಮಾ, ಅಂದಿದ್ದರು ಆಂಟಿಯ ಯಜಮಾನರು ಗೋಪೀನಾಥ್ ಅಂಕಲ್, ಆಂಟಿ ಬಿಡಲಿಲ್ಲ, ರಾಜಾಜಿನಗರದ ಬಾಡಿಗೆ ಮನೇಲಿ ಮೂವತ್ತೊಂದು ವರ್ಷ ಹಗಲು ಹೊತ್ತೂ ಟ್ಯೂಬ್‌ಲೈಟ್ ಹಾಕ್ಕೊಂಡು ಬೇಯಿಸಿ ಹಾಕಿದೀನಿ ರೀ, ಕರೆಂಟ್ ಹೋದ್ರೆ ಸಾಸಿವೆ ಸಿಡಿದಿದ್ದು ಕಿವೀಲೇ ತಿಳ್ಕೋಬೇಕು, ನನಗೆ ಈ ಮನೇಲಿ ಬೇರೇನೂ ಬೇಡ, ಬಿಸಿಲು ಬೇಕು. ಆಮೇಲೆ ರಾಜಿ ಆಯಿತು, ಗೃಹಪ್ರವೇಶದ ದಿನ ಹುಡುಗಿ ಹೇಳಿದ ಹಾಗೆ ಬಿಸಿಲು ಬಂದರೆ ಕಿಂಡಿ ಉಳಿಯುತ್ತೆ, ಬರದಿದ್ದರೆ ಸೋಮವಾರ ಗಾರೆಯ ಅಂಜಿನಯ್ಯ ಬಂದು ಇಟ್ಟಿಗೆ ಇಟ್ಟು ಮುಚ್ಚುತ್ತಾನೆ. ಎಂಟೂ ಹದಿನೆಂಟು. ಎಲ್ಲಿ ತಪ್ಪಿದೆ ನೀನು ಚೇತನಾ, ಉತ್ತರ ದಿಕ್ಕು ಸರಿ ಇತ್ತು, ಎತ್ತರ ಸರಿ ಇತ್ತು, ತಾರೀಖು ಫೆಬ್ರವರಿ ಹತ್ತು ಅಂತಲೇ ಹಾಕಿದ್ದೆ, ಗದಗಿನಿಂದ ಅವ್ವ ಫೋನಿನಲ್ಲಿ ನಕ್ಕಿದ್ದಳು, ಸೂರ್ಯಗ ಟೈಮ್ ಕೊಡಾಕ ನೀ ಯಾರವಾ, ಅಂತ.

ಅಂಕಲ್ ಮಣಿಕಟ್ಟು ಎತ್ತಿ ಎತ್ತಿ ವಾಚು ನೋಡುತ್ತಿದ್ದಾರೆ, ಪುರೋಹಿತ ನಾಣಿ ಭಟ್ಟರಂತೂ ಸುಮ್ಮನಿರುವ ಪೈಕಿ ಅಲ್ಲ, ಕುಂಭ ಲಗ್ನ ಎಂಟೂ ನಲವತ್ತಕ್ಕೆ ಮುಗಿಯುತ್ತೆ ತಾಯಿ, ಅಷ್ಟರೊಳಗೆ ಹಾಲು ಉಕ್ಕಬೇಕು, ಸೂರ್ಯನಿಗೆ ಕಾಯೋದು ಯಾಕೆ, ಅವನು ಆರೂ ನಲವತ್ನಾಲ್ಕಕ್ಕೇ ಎದ್ದಾಯ್ತು, ಇಗೋ ಪಂಚಾಂಗದಲ್ಲಿ ಅಚ್ಚಾಗಿದೆ, ಅಂದರು — ಎಷ್ಟು, ಎಷ್ಟಕ್ಕೆ ಅಂದ್ರಿ ಸ್ವಾಮಿ, ಆರೂ ನಲವತ್ನಾಲ್ಕು, ಆದರೆ ಅವಳ ಕಂಪ್ಯೂಟರಿನ ಸೂರ್ಯ ಇವತ್ತು ಆರೂ ಹತ್ತಕ್ಕೇ ಹುಟ್ಟಿದ್ದನಲ್ಲ, ಅದು ಅವಳಿಗೆ ಬಾಯಿಪಾಠ, ಮೂವತ್ನಾಲ್ಕು ನಿಮಿಷ ಎಲ್ಲಿ ಹೋಯಿತು — ಥೂ, ಕತ್ತೆ, ಆ ಪುಟ್ಟ ಚೌಕ, ಸಮಯದ ಪಕ್ಕದಲ್ಲಿ ಟಿಕ್ ಹಾಕುವ ಆ ಚೌಕ, ಗೋಡೆ ಗಡಿಯಾರದ ಸಮಯವೋ ಸೂರ್ಯನ ಸಮಯವೋ ಅಂತ ಸಾಫ್ಟ್‌ವೇರ್ ಮರ್ಯಾದೆಯಿಂದ ಕೇಳಿತ್ತು, ಟಿಕ್ ಸೂರ್ಯನ ಸಮಯಕ್ಕೆ ಬಿದ್ದಿದ್ದನ್ನು ಇವಳು ನೋಡದೆ ಮುಂದೆ ಹೋಗಿದ್ದಳು, ದೇಶಕ್ಕೆಲ್ಲ ಒಂದೇ ಗಡಿಯಾರ, ಅದನ್ನು ಇಟ್ಟದ್ದು ಅಲ್ಲೆಲ್ಲೋ ಅಲಹಾಬಾದಿನ ಕಡೆಯ ಸೂರ್ಯನನ್ನು ನೋಡಿ, ಬೆಂಗಳೂರಿನ ಸೂರ್ಯ ಅದಕ್ಕಿಂತ ಇಪ್ಪತ್ತು ನಿಮಿಷ ಹಿಂದೆ, ಫೆಬ್ರವರಿಯಲ್ಲಂತೂ ಇನ್ನೂ ಹದಿನಾಲ್ಕು ನಿಮಿಷ ಸೋಮಾರಿ. ಖುಷಿಯೋ ನಾಚಿಕೆಯೋ, ಎರಡೂ ಒಟ್ಟಿಗೇ ಮುಖಕ್ಕೆ ಬಂತು. ಆಂಟಿ, ತಪ್ಪು ನಂದೇ, ಎಂಟಕ್ಕಲ್ಲ, ಎಂಟೂ ಮೂವತ್ನಾಲ್ಕಕ್ಕೆ ಬರುತ್ತೆ, ಅಂತ ಎಲ್ಲರೆದುರೇ ಹೇಳಿಬಿಟ್ಟಳು. ಓಹೋ, ಬೆಂಗಳೂರಲ್ಲಿ ಸೂರ್ಯನೂ ಲೇಟಾ, ಅಂದರು ಅಂಕಲ್, ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆಂಟಿ ನಗಲಿಲ್ಲ. ಅಷ್ಟೇ ತಾನೇ ಪುಟ್ಟಿ, ಕಾಯೋಣ, ಅಂದರು.

ಎಂಟೂ ಇಪ್ಪತ್ತೇಳು, ಕಟ್ಟೆಯ ಈಚೆ ಅಂಚಿನಲ್ಲಿ ಏನೋ ಇದೆ, ಇಲ್ಲ, ಇದೆ, ದಾರದಷ್ಟು ತೆಳ್ಳಗೆ, ಹೊಳೆಯುತ್ತಿದೆ, ಯಾರೂ ಇನ್ನೂ ನೋಡಿಲ್ಲ, ಚೇತನಾ ಉಸಿರು ಬಿಗಿಹಿಡಿದಳು, ದಾರ ಹುರಿಯಾಯಿತು, ಬೆರಳಗಲವಾಯಿತು, ಬಂತು ಬಂತು ಅಂತ ಯಾರೋ ಕೂಗಿದರು, ಪಟ್ಟಿ ಒಲೆಯ ಕಡೆಗೆ ಜರುಗುತ್ತಿದೆ, ಎಂಟೂ ಮೂವತ್ನಾಲ್ಕಕ್ಕೆ ಬರ್ನರು ಮುಟ್ಟಿತು, ಹಚ್ಚಿ ಆಂಟಿ ಹಚ್ಚಿ, ನೀಲಿ ಉರಿ ಬಿಸಿಲಲ್ಲಿ ಕಾಣಿಸಲೇ ಇಲ್ಲ, ಭಟ್ಟರ ಮಂತ್ರ ಓಡುತ್ತಿದೆ, ಹಾಲಿನ ಅಂಚಿನಲ್ಲಿ ಗುಳ್ಳೆ, ಎಂಟೂ ಮೂವತ್ತೊಂಬತ್ತು, ಉಕ್ಕೇ ಉಕ್ಕಿತು, ಚುರ್ರೆಂದು ಅರಿಶಿನ ತೊಳೆದುಕೊಂಡು ಇಳಿಯಿತು, ಗದ್ದಲ, ಗಂಟೆ, ಅಂಕಲ್ ಆ ಗದ್ದಲದಲ್ಲೇ ಮೊಬೈಲ್ ಹಿಡಿದು ಕೂಗುತ್ತಿದ್ದಾರೆ, ಅಂಜಿನಯ್ಯಾ, ಸೋಮವಾರ ಬರಬೇಡಪ್ಪಾ, ಊಟಕ್ಕೆ ಬಾ ಇವತ್ತೇ — ಗೆದ್ದೆ, ಗೆದ್ದೆ ಅವ್ವಾ, ಈಗಲೇ ಫೋನ್ ಮಾಡಬೇಕು, ಮೊದಲು ಆಫೀಸಿಗೆ ಹೋಗಿ ಆ ಚೌಕದ ಟಿಕ್ ತೆಗೆಯಬೇಕು, ಆಂಟಿಗೆ ನಮಸ್ಕಾರ ಮಾಡಬೇಕು, ಆಂಟಿ — ಆಂಟಿ ಯಾರ ಕಡೆಗೂ ನೋಡುತ್ತಿಲ್ಲ, ಅಂಗೈಯನ್ನು ಬಿಸಿಲಿಗೆ ಒಡ್ಡಿದ್ದಾರೆ, ಯಾರೋ ಹಾಲಿನ ಲೋಟ ಕೇಳುತ್ತಿದ್ದಾರೆ, ಆ ಕೈ ಕದಲುತ್ತಿಲ್ಲ, ಫೋನ್ ಮಾಡಬೇಕಿತ್ತು ಅವಳು, ಯಾರಿಗೆ, ಆ ಕೈ, ಮಗುಚಿ ಹಿಡಿದರು, ಮತ್ತೆ ಅಂಗೈ, ತೆಗೆಯುತ್ತಲೇ ಇಲ್ಲ, ಬಿಸಿಲಲ್ಲಿ ಆ ಕೈ, ಆ ಕೈ.