ಎತ್ತಿದ ಮುಂಗಾಲು

ಗಾಳಿ ತಿರುಗಿತೇ, ಇಲ್ಲ, ಹಣೆಯ ಕೂದಲು ಇನ್ನೂ ಹಿಂದಕ್ಕೇ ಹಾರುತ್ತಿದೆ, ಹಾಗಾದರೆ ಗುಂಡನಿಗೆ ಅವಳ ವಾಸನೆ ಹತ್ತಿಲ್ಲ, ಗೋಡೆ ಮರೇಲೇ ಇರಿ ಮೇಡಂ, ಸಾಕಿದವರ ವಾಸನೆ ಬಂದ್ರೆ ಪರೀಕ್ಷೆ ಕೆಟ್ಟುಹೋಗತ್ತೆ, ಅಂದಿದ್ದ ನಾಯಿ ತರಬೇತಿಯವನು, ನೆಗಡಿ ಹಿಡಿದ ನಗಾರಿಯ ಹಾಗೆ — ಆ ಮೂಗಿನ ದನಿಯನ್ನು ಮನೆಯಲ್ಲಿ ಎಷ್ಟು ಸಲ ಆಡಿ ತೋರಿಸಿಲ್ಲ ಅವಳು, ಅತ್ತೆ ನಕ್ಕೂ ನಕ್ಕೂ ಕೆಮ್ಮಿ, ಸಾಕು ಮಾಡೇ ತಾಯಿ, ಅನ್ನುವಷ್ಟು — ಈಗ ಅವನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗುಂಡನ ಬೆನ್ನಿಗೆ ಕಟ್ಟಿದ ಪಟ್ಟಿಯ ಹಿಡಿ ಹಿಡಿದು ಬರುತ್ತಿದ್ದಾನೆ, ದಾರಿಯಲ್ಲಿ ಗುಂಡಿ, ಮೊಣಕಾಲುದ್ದದ್ದು, ತಳಕ್ಕೆ ಮರಳು, ಬಿದ್ದರೆ ಮೂಳೆ ಮುರಿಯದು, ನಾಯಿಯ ನೌಕರಿ ಮುರಿಯುತ್ತದೆ, ಹೇಳಿದ್ದು ಕೇಳೋ ನಾಯಿ ಬೀದೀಲೂ ಸಿಗತ್ತೆ ಮೇಡಂ, ಕಣ್ಣಿಲ್ಲದವರನ್ನ ಕರ್ಕೊಂಡು ಹೋಗೋ ನಾಯಿಗೆ, ಅಪಾಯ ಕಂಡ್ರೆ, ಒಲ್ಲೆ ಅನ್ನೋದೂ ಗೊತ್ತಿರಬೇಕು, ಇದನ್ನು ಮೊದಲೇ ಹೇಳಬಾರದಿತ್ತೇ ಪುಣ್ಯಾತ್ಮ, ಸಾಕಿ ವಾಪಸು ಕೊಡಿ ಅಂತ ಇವರು ಕೈಗಿಟ್ಟ ಮರಿಗೆ ಅವಳು ಕಲಿಸಿದ್ದು ಬರೀ ಕೇಳುವುದು, ಇಡೀ ದಿನ ಹಲ್ಲಿನ ಡಾಕ್ಟರ ಮುಂಬಾಗಿಲಲ್ಲಿ ಕೂತು ಬಾಯಿ ತೆರೆದವರನ್ನೇ ನೋಡುವವಳಿಗೆ ಕಿವಿ ತೆರೆದದ್ದು ಮೇಜಿನ ಕೆಳಗಿನ ಈ ಒಂದೇ ಜೀವ, ಒಮ್ಮೆ ಊಟದ ಬಟ್ಟಲಿಟ್ಟು, ಇರು, ಅಂದು ಫೋನಿಗೆ ಹೋದವಳು ಮರೆತೇಬಿಟ್ಟಳು, ಬಂದು ನೋಡಿದರೆ ಮುಂಗಾಲು ಎತ್ತಿದ್ದು ಎತ್ತಿದ ಹಾಗೇ, ನೆಲದ ತುಂಬ ಜೊಲ್ಲು, ಅವಳು ಬೀಗಿದ್ದೇ ಬೀಗಿದ್ದು, ಈ ಮನೇಲಿ ನಿನ್ನ ಮಾತಿಗೆ ಹೆದರೋ ಎರಡನೇ ಪ್ರಾಣಿ ಕಣೇ ಅದು, ಅಂದ ಗಂಡ.

ಫೇಲಾದ್ರೆ ಮೊದಲು ನಿಮ್ಮನ್ನೇ ಕೇಳ್ತೀವಿ, ಇಟ್ಕೋತೀರಾ ಅಂತ, ಅದನ್ನೂ ತರಬೇತಿಯವನೇ ಹೇಳಿದ್ದು — ಗುಂಡ ಗುಂಡಿಗೆ ಬಿದ್ದರೆ ಗುಂಡಿಗೆಗೆ ನೆಮ್ಮದಿ, ಥೂ, ಇದೇನು ತಮಾಷೆಯ ಹೊತ್ತೇ, ಅಲ್ಲಿ ಬೆಂಚಿನ ಮೇಲೆ ಆ ಹುಡುಗಿ, ಆಸ್ಪತ್ರೆಯ ಟೆಲಿಫೋನಿನವಳು, ಬಿಳಿ ಕೋಲು ಮಡಿಚಿ ಮಡಿಲಲ್ಲಿಟ್ಟುಕೊಂಡು ಗುಂಡನಿಗಾಗಿಯೇ ಕಾದಿದ್ದಾಳೆ, ಅಕ್ಕಾ, ಕಿವಿ ಹಿಂದೆ ತುರಿಸಿದ್ರೆ ಇದಕ್ಕೆ ಇಷ್ಟಾನಾ, ಬೆಳಿಗ್ಗೆ ಕೇಳಿದ್ದಳು, ಇಲ್ಲಮ್ಮ, ಅಂದುಬಿಟ್ಟಳು ಇವಳು, ಅಷ್ಟು ಸಣ್ಣ ಸುಳ್ಳು, ಅದೊಂದಾದರೂ ತನಗೇ ಉಳಿಯಲಿ ಎಂದು — ಬಂದರು, ಗುಂಡಿಯ ಅಂಚು, ಮುಂದೆ, ಅಂದ ಅವನು, ಗುಂಡ ನಿಂತ, ಮುಂದೆ, ನಿಂತೇ ಇದ್ದಾನೆ, ಅಯ್ಯೋ ಪಾಸಾಗಿಬಿಡುತ್ತಾನೆ, ಹೋಗಿಬಿಡುತ್ತಾನೆ, ಮೇಜಿನ ಕೆಳಗೆ ನಾಳೆ ಬರೀ ಚಪ್ಪಲಿ, ಯಾವಾಗ ಗೋಡೆ ಬಿಟ್ಟು ಈಚೆ ಬಂದಳೋ, ಬಾಯಿ ತಾನೇ ತೆರೆಯಿತು, ಡಾಕ್ಟರ ಕುರ್ಚಿಯಲ್ಲಿ ಕೂತವರ ಹಾಗೆ, ದನಿ ಯಾರದೂ ಅಲ್ಲ, ಅವಳದೇ, ಬಟ್ಟಲಿನ ಮುಂದಿನದು, ಬಾ ಗುಂಡಾ — ಕಿವಿ ನಿಮಿರಿತು, ಬಾಲ ಆಡಿತು, ಮುಂಗಾಲು ಎದ್ದಿತು, ಗುಂಡಿಯ ಮೇಲೆ, ಗಾಳಿಯಲ್ಲಿ, ಬಾರೋ, ಬೇಡ, ಬಾ, ಕಣ್ಣು ಅವಳ ಮೇಲೆಯೇ, ಕಾಲು ಹಾಗೇ, ಆಮೇಲೆ ಮೆಲ್ಲಗೆ ಹಿಂದಕ್ಕೆ, ಅವನ ಬೂಟಿನ ಪಕ್ಕಕ್ಕೆ ಇಳಿಯಿತು, ಮೊದಲ ಸಲ ಅವಳ ಮಾತು ಕೇಳದ ಕಾಲು, ಎತ್ತಿದ ಆ ಮುಂಗಾಲು, ಹಿಂದಕ್ಕೆ, ಆ ಮುಂಗಾಲು —