ವಿಕೆಟ್ಟಿನ ಹಿಂದಿನ ದನಿ

ಆಡಿ ಮುಗಿಸಿದ ಮೇಲೆ ಅವನಿಗೆ ಗೊತ್ತಾಯಿತು, ಅದು ಮನೆಯಲ್ಲಿ ಆಡುವ ದನಿಯಲ್ಲ ಎಂದು.

"ಹೋದ ಸಲಾನೂ ಮೂರನೇ ಪ್ರಶ್ನೆಗೇ ಅಲ್ವಾ ನೀನು ತೊದಲಿದ್ದು?"

ಮೆಲ್ಲಗೆ, ಹಿಂದಿನಿಂದ ಹೇಳಿದ್ದ. ಕನ್ನಡಿಯ ಮುಂದೆ ಕೂದಲಿಗೆ ಪಿನ್ನು ಸಿಗಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಹನ್ನೊಂದಕ್ಕೆ ಅವಳ ಸಂದರ್ಶನ, ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ. ಗಾಬರಿಯಾದರೆ ಅವಳ ಮಾತು ತಡವರಿಸುತ್ತಿತ್ತು. ಆರು ತಿಂಗಳಿಂದ ಅಡುಗೆಮನೆಯ ಗೋಡೆಗೆ ಪಾಠ ಮಾಡಿ ಅದನ್ನು ತಿದ್ದಿಕೊಂಡಿದ್ದಳು. ಜಗಳವಾದದ್ದು ಇಸ್ತ್ರಿಪೆಟ್ಟಿಗೆ ಆರಿಸದೆ ಬಿಟ್ಟದ್ದಕ್ಕೆ, ಅಷ್ಟೇ. ಅವಳು ಪ್ರಮಾಣಪತ್ರಗಳ ಕವರು ಎತ್ತಿಕೊಂಡು ಹೊರಟುಹೋದಳು.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಅವನಿಗೆ ವಿಮಾ ಕಚೇರಿಯವರು ಕೆಲಸ ಕೊಟ್ಟದ್ದು ಕ್ರಿಕೆಟ್ಟಿಗಾಗಿ. ವಿಕೆಟ್ ಕೀಪರ್. ಕೈಗಿಂತ ಬಾಯಿ ಚುರುಕು. ಬ್ಯಾಟ್ಸ್‌ಮನ್ನನ ಅಪ್ಪ ಆಸ್ಪತ್ರೆಯಲ್ಲಿದ್ದಾನೋ, ಹೆಂಡತಿ ಬಿಟ್ಟುಹೋಗಿದ್ದಾಳೋ, ಎಲ್ಲ ಮೊದಲೇ ವಿಚಾರಿಸಿಕೊಂಡಿರುತ್ತಿದ್ದ. ಬೌಲರ್ ಓಡಿಬರುವ ಹೊತ್ತಿಗೆ, ಅಂಪೈರಿಗೆ ಕೇಳಿಸದಂತೆ, ಬ್ಯಾಟ್ಸ್‌ಮನ್ನನ ಗಮನ ಕದಲಿಸಲು ಬೆನ್ನ ಹಿಂದಿನಿಂದ ಒಂದೇ ವಾಕ್ಯ. ಯಾರ ಮೇಲೂ ಅವನಿಗೆ ಸಿಟ್ಟಿರಲಿಲ್ಲ. ಆ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಪಾಪ.

ಬೆಳಗ್ಗೆಯೂ ಸಿಟ್ಟಿರಲಿಲ್ಲ. ಅದೇ ಈಗ ಹೆದರಿಕೆ ಹುಟ್ಟಿಸಿತು.

ಹನ್ನೆರಡಕ್ಕೆ ಕಚೇರಿಯಿಂದ ಅವಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಪಕ್ಕದ ಮೇಜಿನಿಂದ ತಂಡದ ನಾಯಕ ಬಾಗಿದ.

"ಭಾನುವಾರದ ಮ್ಯಾಚಿಗೆ ಅವರ ಓಪನರ್ ವಾಪಸ್ ಬರ್ತಿದ್ದಾನೆ ಕಣಯ್ಯ. ತಂಗಿ ವಿಷಯದಲ್ಲಿ ಏನೋ ಗಲಾಟೆಯಂತೆ. ವಿಚಾರಿಸಿದ್ಯಾ?"

"ಇಲ್ಲ."

"ಯಾಕೆ, ಹುಷಾರಿಲ್ವಾ?"

"ಹಾಗೇನಿಲ್ಲ."

ನಾಯಕ ಬೆನ್ನು ತಟ್ಟಿ ತನ್ನ ಫೈಲಿಗೆ ಮರಳಿದ.

ಸಂಜೆ ಮನೆಗೆ ಬಂದಾಗ ಮೇಜಿನ ಮೇಲೆ ಅವಳ ಪ್ರಮಾಣಪತ್ರಗಳ ಕವರು ಅಂಟು ಬಿಚ್ಚದೆ ಬಿದ್ದಿತ್ತು. ಮಲಗುವ ಕೋಣೆಗೆ ಒಳಗಿನಿಂದ ಚಿಲಕ.

"ಹೇಗಾಯ್ತು?"

"ಒಳಗೆ ಹೋಗ್ಲಿಲ್ಲ."

"ಯಾಕೆ?"

"ಹೆ... ಹೆಸರು ಕೂಗಿದ್ರು. ಎದ್ದು ನಿಂತೆ. ಬೆ... ಬೆನ್ನ ಹಿಂದೆ ನೀವಿದ್ದೀರ ಅನ್ನಿಸ್ತು."

ತಪ್ಪಾಯಿತು ಎನ್ನಲು ಬಾಯಿ ತೆರೆದ. ಹೊರಟದ್ದು ಅದೇ ಮೆಲುದನಿ, ಅದೇ ನಯ. ತನಗೇ ಕೇಳಲಾಗದೆ ತುಟಿ ಬಿಗಿದುಕೊಂಡ. ಯಾವ ಮಾತಿಗೆ ಯಾರು ಬೀಳುತ್ತಾರೆಂದು ಅವನಿಗೆ ಗೊತ್ತಿತ್ತು. ಬಿದ್ದವರನ್ನು ಎಬ್ಬಿಸುವ ಒಂದು ಮಾತನ್ನೂ ಅವನು ಕಲಿತಿರಲಿಲ್ಲ.

ಮೊಣಕಾಲು ತಾನಾಗಿ ಮಡಚಿಕೊಂಡಿತು. ಮುಚ್ಚಿದ ಬಾಗಿಲಿನ ಮುಂದೆ ಅವನು ವಿಕೆಟ್ಟಿನ ಹಿಂದೆ ಕೂರುವ ಹಾಗೆಯೇ ಕುಕ್ಕರಗಾಲಲ್ಲಿ ಕೂತ, ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ, ಕಣ್ಣು ಮಿಟುಕಿಸದೆ. ಒಳಗಿನಿಂದ ಏನೂ ಬರಲಿಲ್ಲ.