ಅಣ್ಣನ ಕೈಯಲ್ಲಿದ್ದ ಓಟುಗಳು

ಅಣ್ಣನನ್ನು ಎದುರು ಹಾಕಿಕೊಳ್ಳುವುದು ಅವಳಿಗೆ ಹೊಸದೇನಲ್ಲ. ಆದರೆ ಈ ಸಲದ ಜಗಳ ಸಾವಿರಾರು ಜನರ ಕಣ್ಣೆದುರು ನಡೆಯಬೇಕಿತ್ತು.

ಮನೆಮನೆಯ ತಾರಸಿಯಲ್ಲಿ ಪುಟ್ಟ ಆಂಟೆನಾ ನಿಲ್ಲಿಸಿ ಇಂಟರ್ನೆಟ್ ಹಂಚಿಕೊಳ್ಳುವ ಬಳಗವನ್ನು ಕಟ್ಟಿದವನೇ ಅಣ್ಣ. ಅದಕ್ಕೆ ಮಾಲೀಕರಿಲ್ಲ, ಆಫೀಸಿಲ್ಲ. ನಿಯಮ, ಓಟು ಎಲ್ಲವೂ ಬ್ಲಾಕ್‌ಚೈನ್ ಎಂಬ ಡಿಜಿಟಲ್ ದಾಖಲೆಯಲ್ಲಿ. ಒಮ್ಮೆ ದಾಖಲಾದದ್ದನ್ನು ಯಾರೂ ಗುಟ್ಟಾಗಿ ತಿದ್ದುವಂತಿಲ್ಲ. ವರ್ಷಕ್ಕೊಮ್ಮೆ ಸದಸ್ಯರು ಸಮಿತಿಯನ್ನು ಆರಿಸುತ್ತಿದ್ದರು. ಅದೂ ಹೆಸರಿಗಷ್ಟೇ. ಪುರುಸೊತ್ತಿಲ್ಲದವರು ತಮ್ಮ ಓಟನ್ನು ಇನ್ನೊಬ್ಬರಿಗೆ ವಹಿಸಬಹುದಿತ್ತು. ಮುಕ್ಕಾಲು ಪಾಲು ಜನ ಎಂದೋ ಅಣ್ಣನಿಗೆ ವಹಿಸಿ ಮರೆತೇಬಿಟ್ಟಿದ್ದರು. ಚುನಾವಣೆ ಶುರುವಾದ ಬೆಳಿಗ್ಗೆಯೇ ಅಣ್ಣ ಆ ಓಟುಗಳನ್ನೆಲ್ಲ ತನಗೂ ತನ್ನ ಕಡೆಯವರಿಗೂ ಹಾಕುತ್ತಿದ್ದ. ಎಣಿಕೆ ಎಲ್ಲರಿಗೂ ಕಾಣುತ್ತಿತ್ತು. ಉಳಿದವರು ಇನ್ನೇನು ಮಾಡುವುದೆಂದು ಕೈಚೆಲ್ಲುತ್ತಿದ್ದರು.

ಅವಳು ಫಿಸಿಯೊಥೆರಪಿಸ್ಟ್. ಮಂಡಿನೋವಿಗೆಂದು ಬರುತ್ತಿದ್ದ ನಿವೃತ್ತ ಡ್ರೈವರ್ ಒಂದು ದಿನ ತಮ್ಮ ಬೀದಿಯಲ್ಲಿ ತಿಂಗಳಿಂದ ಸಂಪರ್ಕವೇ ಇಲ್ಲವೆಂದರು. ಸಮಿತಿಯನ್ನು ಕೇಳಬಾರದೇ ಎಂದಳು.

"ಯಾವ ಮುಖ ಇಟ್ಕೊಂಡು ಕೇಳಲಿ ಮೇಡಂ? ನನ್ನ ಓಟು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ."

ಆ ಮಾತು ಅವಳಿಗೆ ಚುಚ್ಚಿತು. ಬಳಗದ ಸದಸ್ಯೆಯಾಗಿದ್ದ ಅವಳು ವಾರದೊಳಗೆ ನಿಯಮಕ್ಕೆ ತಿದ್ದುಪಡಿ ಮಂಡಿಸಿದಳು: ವಹಿಸಿದ ಓಟು ಆ ಚುನಾವಣೆಗೆ ಮಾತ್ರ, ಮುಂದಿನ ಸಲ ಮತ್ತೆ ಕೇಳಿಯೇ ಪಡೆಯಬೇಕು, ಮತದಾನ ಮುಗಿಯುವ ತನಕ ಎಣಿಕೆ ಯಾರಿಗೂ ಕಾಣಬಾರದು.

"ಜನಕ್ಕೆ ಇದೆಲ್ಲ ತಲೆನೋವು ಕಣೇ," ಎಂದ ಅಣ್ಣ.

"ಕೇಳಿ ನೋಡೋಣ ಅಣ್ಣಾ. ಇಷ್ಟು ವರ್ಷ ಯಾರೂ ಕೇಳೇ ಇಲ್ಲ."

ತಿದ್ದುಪಡಿ ಗೆಲ್ಲಬೇಕಾದದ್ದೂ ಹಳೆಯ ನಿಯಮದಲ್ಲೇ. ಅಣ್ಣ ಮೊದಲ ಬೆಳಿಗ್ಗೆಯೇ ಕೈಲಿದ್ದ ಓಟುಗಳನ್ನೆಲ್ಲ ವಿರುದ್ಧ ಹಾಕಿದ. ಆ ಎಣಿಕೆ ಬೆಟ್ಟದಂತೆ ಬೆಳೆಯಿತು. ಆದರೆ ಗಡುವಿನೊಳಗೆ ಯಾರು ಬೇಕಾದರೂ ತಮ್ಮ ಓಟನ್ನು ವಾಪಸು ಪಡೆದು ತಾವೇ ಹಾಕಬಹುದಿತ್ತು. ಅದೊಂದು ದಾರಿ ಸಾಕಾಯಿತು. ಸೊಂಟ ಹಿಡಿದವರಿಗೆ, ಭುಜ ಎತ್ತಲಾಗದವರಿಗೆ ಚಿಕಿತ್ಸೆ ಮುಗಿಸಿ, ಫೋನಿನಲ್ಲಿ ಓಟು ವಾಪಸು ಪಡೆಯುವ ಬಗೆ ತೋರಿಸಿದಳು. ಯಾವ ಕಡೆ ಹಾಕಬೇಕೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಡ್ರೈವರ್ ತಮ್ಮ ಬೀದಿಯ ಮನೆಮನೆ ಹತ್ತಿಳಿದರು. ಮಂಡಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲವೆಂದು ನಕ್ಕರು. ಅವರು ಹೇಳಿದ್ದು ಇವರಿಗೆ, ಇವರು ಹೇಳಿದ್ದು ಮತ್ತೊಬ್ಬರಿಗೆ ತಲುಪಿ, ಅವಳು ಕಂಡೇ ಇರದ ಊರುಗಳಿಂದಲೂ ಓಟುಗಳು ಮಾಲೀಕರ ಕೈಗೆ ಮರಳತೊಡಗಿದವು. ಬೆಟ್ಟ ಕರಗಿತು. ಕೊನೆಯ ಮಧ್ಯಾಹ್ನ ತಿದ್ದುಪಡಿ ಗೆದ್ದಾಗ ಅವಳ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಒಂದು ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದವರೊಬ್ಬರು ಇನ್ನೊಂದು ಕೈಯಿಂದ ತೊಡೆ ತಟ್ಟಿದರು.

ಅಣ್ಣ ಹದಿನೈದು ದಿನ ಮಾತು ಬಿಟ್ಟ.

ಹೊಸ ನಿಯಮದ ಮೊದಲ ಚುನಾವಣೆಗೆ ಹಿಂದೆಂದಿಗಿಂತ ದುಪ್ಪಟ್ಟು ಜನ ಓಟು ಹಾಕಿದರು. ಫಲಿತಾಂಶದ ಸಂಜೆ ಡ್ರೈವರ್ ಮನೆಯ ತಾರಸಿಯಲ್ಲಿ ಎಲ್ಲರೂ ಸೇರಿದರು. ಅಣ್ಣನೂ ಬಂದು ಮೂಲೆಯಲ್ಲಿ ನಿಂತ. ಅದೇ ಬೀದಿಯ ದರ್ಜಿ ಹೆಂಗಸು ಎಲ್ಲರಿಗಿಂತ ಹೆಚ್ಚು ಓಟು ಪಡೆದು ಗೆದ್ದಿದ್ದಳು. ಸಮಿತಿಯಲ್ಲಿ ಉಳಿದಿದ್ದ ಕೊನೆಯ ಸ್ಥಾನಕ್ಕೆ ಅಣ್ಣ ಆಯ್ಕೆಯಾಗಿದ್ದ.

ತಂಗಿಯ ಪಕ್ಕಕ್ಕೆ ಬಂದ ಅವನ ಕಣ್ಣು ಒದ್ದೆಯಾಗಿತ್ತು.

"ಇಷ್ಟು ವರ್ಷ ನನ್ನನ್ನ ನಾನೇ ಆರಿಸ್ಕೊಳ್ತಿದ್ದೆ ಕಣೇ. ಇವತ್ತು ಜನ ಆರಿಸಿದ್ರು."